ಕನ್ನಡಿ ಸರಿದ ಜಾಗದಲ್ಲಿ ಹಳೆಯ ಲೆನ್ಸು

ಸೋದರಮಾವನ ಜೆನಿಟ್ ಕ್ಯಾಮೆರಾ ಕೆಟ್ಟು ಎಷ್ಟೋ ವರ್ಷವಾಗಿತ್ತು. ಶಟರಿನ ಬಟ್ಟೆ ಹರಿದಿತ್ತು, ಫಿಲ್ಮ್ ಎಳೆಯುವ ಕಡ್ಡಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಆದರೆ ಅದರ ಮೂತಿಗಿದ್ದ ಲೆನ್ಸು ಮಾತ್ರ ಇನ್ನೂ ಗಟ್ಟಿಮುಟ್ಟು. ಫೋಕಸ್ ರಿಂಗ್ ಹಿಡಿದು ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ನಯವಾಗಿ ಜಾರುತ್ತಿತ್ತು. ಗಾಜಿನ ಸುತ್ತ ರಷ್ಯನ್ ಲಿಪಿಯಲ್ಲಿ ‘ಹೀಲಿಯೋಸ್-44-2’ ಎಂದು ಕೆತ್ತಿತ್ತು. ಪಕ್ಕದಲ್ಲಿ 2/58 ಎಂಬ ಅಂಕಿ: 2 ಎಂದರೆ ಲೆನ್ಸಿನ ತೂತು ಎಷ್ಟು ದೊಡ್ಡದಾಗಿ ತೆರೆಯುತ್ತದೆ ಎಂಬುದು, 58 ಎಂದರೆ ನೋಟ ಎಷ್ಟು ಅಗಲ ಎಂಬುದನ್ನು ತಿಳಿಸುವ ಫೋಕಲ್ ಲೆಂಗ್ತ್, ಮಿ.ಮೀ.ನಲ್ಲಿ. ಆಮೇಲೆ 78ರಿಂದ ಶುರುವಾಗುವ ಸರಣಿ ಸಂಖ್ಯೆ. ಸೋವಿಯತ್ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಆ ಸಂಖ್ಯೆಯ ಮೊದಲ ಎರಡು ಅಂಕಿ ತಯಾರಾದ ವರ್ಷವನ್ನು ಹೇಳುತ್ತವೆ. ಅಂದರೆ ಇದು 1978ರದ್ದು.

ಅದನ್ನು ನನ್ನ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಗೆ ಹಾಕಬಹುದೇ ಎಂದು ಅಂಗಡಿಯೊಂದರಲ್ಲಿ ಕೇಳಿದಾಗ, “ಈಗಿನ ಕ್ಯಾಮೆರಾಗೆ ಇದು ಕೂರೋದಿಲ್ಲ ಸಾರ್, ಶೋಕೇಸಲ್ಲಿ ಇಟ್ಕೊಳ್ಳಿ” ಅಂದರು. ಆದರೂ ನಾನು ತರಿಸಿದ ಒಂದು ಅಡಾಪ್ಟರ್ ಎರಡು ವಾರದ ನಂತರ ಪಾರ್ಸೆಲಿನಲ್ಲಿ ಬಂತು. ಬಿಚ್ಚಿ ನೋಡಿದರೆ ಒಂದು ಅಲ್ಯೂಮಿನಿಯಂ ಬಳೆ. ಒಳಗೆ ಗಾಜಿಲ್ಲ, ವೈರಿಲ್ಲ, ಬೆರಳು ಹಾಕಿದರೆ ಆ ಕಡೆಯಿಂದ ಹೊರಗೆ ಬರುತ್ತದೆ. ಒಂದು ಕಡೆ ಲೆನ್ಸನ್ನು ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಕೂರಿಸಿದೆ, ಇನ್ನೊಂದು ಕಡೆಯನ್ನು ಕ್ಯಾಮೆರಾಗೆ ಸಿಕ್ಕಿಸಿದೆ. ಕಿಟಕಿಯಾಚೆಯ ಅಡಿಕೆ ಮರದ ಗೊನೆ ಪರದೆಯ ಮೇಲೆ ಮೊದಲು ಮಂಜು ಮಂಜಾಗಿ, ಆಮೇಲೆ ಒಂದೊಂದು ಕಾಯಿ ಎಣಿಸುವಷ್ಟು ಸ್ಪಷ್ಟವಾಗಿ ಕಂಡಿತು. ಬರೀ ಖಾಲಿ ಬಳೆಯೊಂದು ಹೇಗೆ ಇಷ್ಟು ಕೆಲಸ ಮಾಡಿತು ಎಂಬುದು ಗೊತ್ತಾದರೆ, ಯಾವ ಹಳೆಯ ಲೆನ್ಸು ಯಾವ ಕ್ಯಾಮೆರಾಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಯಾರನ್ನೂ ಕೇಳದೆ ನೀವೇ ಲೆಕ್ಕ ಹಾಕಬಹುದು.

ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಟ್ಟದ್ದು ನೆನಪಿದೆಯಲ್ಲ? ಗಾಜನ್ನು ಕಾಗದದ ಹತ್ತಿರ ತಂದರೆ ಬೆಳಕಿನ ದೊಡ್ಡ ಬಿಲ್ಲೆ, ದೂರ ಒಯ್ದರೂ ದೊಡ್ಡ ಬಿಲ್ಲೆ. ನಡುವೆ ಒಂದೇ ಒಂದು ದೂರದಲ್ಲಿ ಮಾತ್ರ ಸೂರ್ಯ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಕೂತು ಹೊಗೆ ಏಳುತ್ತದೆ. ಕ್ಯಾಮೆರಾ ಲೆನ್ಸಿನದೂ ಅದೇ ಕತೆ. ಬಹುದೂರದ ಬೆಟ್ಟವೋ ಚಂದ್ರನೋ ಸ್ಪಷ್ಟವಾಗಿ ಮೂಡಬೇಕಾದರೆ ಲೆನ್ಸಿನ ಹಿಂಬದಿಯಿಂದ ಫಿಲ್ಮ್ ಅಥವಾ ಸೆನ್ಸರ್ ಒಂದು ಗೊತ್ತಾದ ದೂರದಲ್ಲಿರಬೇಕು. ಆದ್ದರಿಂದ ಪ್ರತಿ ಕ್ಯಾಮೆರಾ ಕಂಪನಿಯೂ ಲೆನ್ಸು ಕೂರುವ ಲೋಹದ ಮುಖದಿಂದ ಫಿಲ್ಮಿನವರೆಗೆ ಇಷ್ಟೇ ದೂರ ಎಂದು ನಿಗದಿ ಮಾಡಿಕೊಳ್ಳುತ್ತದೆ. ಇದಕ್ಕೆ ಫ್ಲಾಂಜ್ ದೂರ ಎನ್ನುತ್ತಾರೆ. ನನ್ನ ಹೀಲಿಯೋಸ್ ಸೇರಿದ ಎಂ42 ತಿರುಪಿನ ಲೆನ್ಸುಗಳಿಗೆ ಅದು 45.46 ಮಿ.ಮೀ. ನಿಕಾನ್ ಎಫ್‌ಗೆ 46.5, ಒಲಿಂಪಸ್ ಓಎಂಗೆ 46, ಹಳೆಯ ಮಿನೋಲ್ಟಾಗೆ 43.5, ಕ್ಯಾನನ್ ಎಫ್‌ಡಿಗೆ 42.

ಎಲ್ಲವೂ 40ಕ್ಕಿಂತ ಹೆಚ್ಚಿರುವುದು ಕಾಕತಾಳೀಯವೇನಲ್ಲ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬಿಂಬವನ್ನು ನಮ್ಮ ಕಣ್ಣಿಗೆ ಎತ್ತಿಕೊಡಲು ಒಂದು ಓರೆ ಕನ್ನಡಿ ಇರುತ್ತದೆ. ಬಟನ್ ಒತ್ತಿದಾಗ ಅದು ‘ಟಪ್’ ಎಂದು ಮೇಲಕ್ಕೆ ಮಡಚಿಕೊಳ್ಳಬೇಕು. ಅದಕ್ಕೆ ಎದ್ದು ಕೂರುವಷ್ಟು ಜಾಗ ಬೇಕು. 2008ರಲ್ಲಿ ಪ್ಯಾನಸಾನಿಕ್ ತನ್ನ ಮೊದಲ ಮಿರರ್‌ಲೆಸ್ ಕ್ಯಾಮೆರಾ ತಂದಾಗ ಈ ಕನ್ನಡಿಯನ್ನೇ ತೆಗೆದುಹಾಕಿತು. ಬಿಂಬ ನೇರ ಸೆನ್ಸರಿಗೆ ಬೀಳುತ್ತದೆ, ಅಲ್ಲಿಂದ ಪರದೆಗೆ ಹೋಗುತ್ತದೆ. ಕನ್ನಡಿ ಇಲ್ಲದ ಮೇಲೆ ಲೆನ್ಸನ್ನು ಅಷ್ಟು ದೂರ ಇಡುವ ಅಗತ್ಯವೂ ಇಲ್ಲ. ಹಾಗಾಗಿ ನನ್ನ ಕ್ಯಾಮೆರಾದಲ್ಲಿರುವ ಸೋನಿ ಇ ಮೌಂಟಿನಲ್ಲಿ (ಮೌಂಟ್ ಎಂದರೆ ಲೆನ್ಸು ಕೂರುವ ಮೂತಿಯ ನಮೂನೆ) ಆ ದೂರ 18 ಮಿ.ಮೀ.ಗೆ ಇಳಿಯಿತು. ಕ್ಯಾನನ್ ಆರ್‌ಎಫ್‌ನಲ್ಲಿ 20, ಫ್ಯೂಜಿ ಎಕ್ಸ್‌ನಲ್ಲಿ 17.7, ನಿಕಾನ್ ಝಡ್‌ನಲ್ಲಿ 16.

ಈಗ ಕಳೆಯುವ ಲೆಕ್ಕ ಮಾಡಿ. 45.46ರಲ್ಲಿ 18 ಕಳೆದರೆ 27.46. ಪಾರ್ಸೆಲಿನಲ್ಲಿ ಬಂದ ಬಳೆಯ ದಪ್ಪ ಅಷ್ಟೇ. ಕನ್ನಡಿಗೆಂದು ಬಿಟ್ಟಿದ್ದ ಜಾಗವನ್ನು ಅದು ತುಂಬಿಕೊಡುತ್ತದೆ, ಲೆನ್ಸು ತನ್ನ ಹಳೆಯ ಮನೆಯಲ್ಲೇ ಇದ್ದೇನೆಂಬಂತೆ ಕೆಲಸ ಮಾಡುತ್ತದೆ. ನಡುವೆ ಗಾಜು ಇಲ್ಲದಿರುವುದರಿಂದ ಚಿತ್ರದ ಗುಣ ಒಂದಿಷ್ಟೂ ಕೆಡುವುದಿಲ್ಲ.

ಅದೇ ಲೆನ್ಸನ್ನು ನಿಕಾನಿನ ಡಿಎಸ್‌ಎಲ್‌ಆರ್‌ಗೆ, ಅಂದರೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾಗೆ ಹಾಕಲು ಹೋದರೆ? ಅಲ್ಲಿ ಕ್ಯಾಮೆರಾದ ದೂರವೇ 46.5. ಅಡಾಪ್ಟರಿಗೆ ದಪ್ಪವೇ ಇಲ್ಲ ಎಂದುಕೊಂಡರೂ ಲೆನ್ಸು ಇರಬೇಕಾದ್ದಕ್ಕಿಂತ ಒಂದು ಮಿಲಿಮೀಟರಿನಷ್ಟು ಮುಂದೆ ಕೂರುತ್ತದೆ. ಒಂದು ಮಿಲಿಮೀಟರ್ ಏನು ಮಹಾ ಎನಿಸಬಹುದು. ಆದರೆ 58 ಮಿ.ಮೀ. ಲೆನ್ಸಿಗೆ ಅಷ್ಟರಿಂದಲೇ ಸುಮಾರು ಮೂರೂಕಾಲು ಮೀಟರಿನಾಚೆ ಯಾವುದೂ ಫೋಕಸ್ ಆಗುವುದಿಲ್ಲ. ಅಂಗಳದ ತುಳಸಿಕಟ್ಟೆ ಸಿಗುತ್ತದೆ, ಬೇಲಿಯಾಚೆಯ ತೋಟ ಸಿಗುವುದಿಲ್ಲ. ಇದನ್ನು ಸರಿಪಡಿಸಲು ಒಳಗೆ ಗಾಜಿರುವ ಅಡಾಪ್ಟರುಗಳನ್ನು ಮಾರುತ್ತಾರೆ. ಅಗ್ಗದ ಆ ಗಾಜು ಒಳ್ಳೆಯ ಲೆನ್ಸಿನ ಹಿಂದೆ ಕೂತು ಅದರ ತೀಕ್ಷ್ಣತೆಯನ್ನೆಲ್ಲ ತಿಂದುಹಾಕುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ ಎಂದೇ ನನ್ನ ಸಲಹೆ. ಕ್ಯಾನನಿನ ಡಿಎಸ್‌ಎಲ್‌ಆರ್‌ಗಳ ದೂರ 44 ಮಿ.ಮೀ. ಆದ್ದರಿಂದ ಅಲ್ಲಿ ಒಂದೂವರೆ ಮಿಲಿಮೀಟರಿನ ತೆಳು ರಿಂಗ್ ಸಾಕಾಗುತ್ತಿತ್ತು. ಮಿರರ್‌ಲೆಸ್ ಬರುವ ಮೊದಲು ಹಳೆಯ ಲೆನ್ಸಿನ ಹುಚ್ಚಿದ್ದವರು ಹೆಚ್ಚಾಗಿ ಕ್ಯಾನನ್ ಹಿಡಿದಿದ್ದುದಕ್ಕೆ ಇದೂ ಒಂದು ಕಾರಣ.

ಎಂ42 ತಿರುಪಿನ ಬಗ್ಗೆ ಒಂದು ಮಾತು. ಅಗಲ 42 ಮಿ.ಮೀ., ಒಂದು ಸುತ್ತಿಗೆ ಒಂದು ಮಿಲಿಮೀಟರ್ ಒಳಗೆ ಹೋಗುವ ತಿರುಪು. 1949ರಲ್ಲಿ ಪೂರ್ವ ಜರ್ಮನಿಯ ಡ್ರೆಸ್ಡೆನ್‌ನಿಂದ ಬಂದ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದಲ್ಲಿ ಇದು ಕಾಣಿಸಿಕೊಂಡಿತು. ಮುಂದೆ ಜಪಾನಿನ ಪೆಂಟ್ಯಾಕ್ಸ್ 1975ರವರೆಗೂ ಇದನ್ನೇ ಬಳಸಿತು, ಸೋವಿಯತ್ ಜೆನಿಟ್‌ಗಳೂ ಇದಕ್ಕೆ ಬಂದವು. ಹಾಗಾಗಿ ಒಂದೇ ಅಡಾಪ್ಟರ್ ಕೊಂಡರೆ ಜರ್ಮನ್, ರಷ್ಯನ್, ಜಪಾನಿ ಮೂರೂ ಕಡೆಯ ಲೆನ್ಸುಗಳು ನಿಮ್ಮ ಕ್ಯಾಮೆರಾಗೆ ಕೂರುತ್ತವೆ. ಹೊಸಬರು ಎಂ42ರಿಂದಲೇ ಶುರುಮಾಡುವುದು ಒಳ್ಳೆಯದು.

ಲೆನ್ಸು ಕೂತಿತು, ಬಟನ್ ಒತ್ತಿದರೆ ಕ್ಯಾಮೆರಾ ಸುಮ್ಮನಿದೆ. ಬಹಳ ಜನ ಇಲ್ಲೇ ಗಾಬರಿಯಾಗುತ್ತಾರೆ. ಲೆನ್ಸಿನಿಂದ ಯಾವ ವಿದ್ಯುತ್ ಸಂಕೇತವೂ ಬಾರದ ಕಾರಣ ಮೂತಿಗೆ ಏನೂ ಇಲ್ಲವೆಂದೇ ಕ್ಯಾಮೆರಾ ತಿಳಿದಿರುತ್ತದೆ. ಮೆನುವಿನಲ್ಲಿ ‘ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡು’ ಎಂಬ ಅರ್ಥದ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಅಪರ್ಚರ್ ಪ್ರಯಾರಿಟಿ ಮೋಡ್‌ಗೆ ಹಾಕಿ. ಅಪರ್ಚರನ್ನು, ಅಂದರೆ ಬೆಳಕು ಒಳಬರುವ ತೂತಿನ ಅಳತೆಯನ್ನು, ಲೆನ್ಸಿನ ಮೇಲೆ ನೀವು ತಿರುಗಿಸುತ್ತೀರಿ, ಒಳಬಂದ ಬೆಳಕನ್ನು ಅಳೆದು ಶಟರ್ ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಕ್ಯಾಮೆರಾದೊಳಗೇ ನಡುಕ ತಡೆಯುವ ವ್ಯವಸ್ಥೆ ಇದ್ದರೆ, ಲೆನ್ಸಿನ ಮೇಲೆ ಕೆತ್ತಿದ ಫೋಕಲ್ ಲೆಂಗ್ತ್ ಅಂಕಿಯನ್ನು ಮೆನುವಿನಲ್ಲಿ ಕೈಯಾರೆ ತುಂಬಬೇಕು. ನಾನು ಒಮ್ಮೆ 135 ಮಿ.ಮೀ. ಲೆನ್ಸು ಬಿಚ್ಚಿ 58 ಹಾಕಿ, ಅಂಕಿ ಬದಲಿಸಲು ಮರೆತು, ಒಂದು ಸಂಜೆಯ ಚಿತ್ರಗಳನ್ನೆಲ್ಲ ಕಳೆದುಕೊಂಡೆ. ಸೆನ್ಸರ್ ಬೇಕಾದ್ದಕ್ಕಿಂತ ಹೆಚ್ಚು ಅಲುಗಿ, ಇಲ್ಲದ ನಡುಕವನ್ನು ತಾನೇ ತಂದಿತ್ತು.

ಇನ್ನು ಫೋಕಸ್. ಹಳೆಯ ಲೆನ್ಸಿನ ಕಷ್ಟವೂ ಸುಖವೂ ಇರುವುದು ಇಲ್ಲಿ.

ನಮ್ಮ ಕಡೆ ಯಕ್ಷಗಾನದ ಮೇಳ ಬಂದರೆ ಆಟಕ್ಕಿಂತ ಮೊದಲು ನಾನು ಚೌಕಿಗೆ ಹೋಗಿ ಕೂರುತ್ತೇನೆ. ಒಂದೆರಡು ಬಲ್ಬಿನ ಬೆಳಕು. ವೇಷಧಾರಿಗಳು ಕಾಲು ಮಡಚಿ ಕೂತು ಎಡಗೈಯಲ್ಲಿ ಪುಟ್ಟ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ಅಲ್ಲಿ ನಾನು ಹೀಲಿಯೋಸನ್ನು ಪೂರ್ತಿ ತೆರೆದು, ಅಂದರೆ ಎಫ್ 2ರಲ್ಲಿ ಇಟ್ಟುಕೊಳ್ಳುತ್ತೇನೆ (ಎಫ್ ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು). ಫುಲ್ ಫ್ರೇಮ್, ಅಂದರೆ ಹಳೆಯ 35 ಮಿ.ಮೀ. ಫಿಲ್ಮಿನ ಚಿತ್ರದಷ್ಟೇ ದೊಡ್ಡ ಸೆನ್ಸರಿರುವ ಕ್ಯಾಮೆರಾದಲ್ಲಿ ಒಂದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಮೂಡುವುದು ಹೆಚ್ಚುಕಡಿಮೆ ಮೂರೂವರೆ ಸೆಂಟಿಮೀಟರ್ ದಪ್ಪದ ಒಂದು ಪದರ ಮಾತ್ರ. ಕಣ್ಣು ಚೊಕ್ಕವಾಗಿದ್ದರೆ ಕಿವಿ ಆಗಲೇ ಕರಗಿರುತ್ತದೆ. ಉಸಿರು ಬಿಟ್ಟಾಗ ನನ್ನ ಮೈ ಒಂದಿಷ್ಟು ಮುಂದಕ್ಕೆ ಬಾಗಿದರೂ ಪದರ ಜಾರಿಹೋಗುತ್ತದೆ.

ಮಿರರ್‌ಲೆಸ್ ಕ್ಯಾಮೆರಾ ಇಲ್ಲಿ ಎರಡು ಸಹಾಯ ಮಾಡುತ್ತದೆ. ಒಂದು ಫೋಕಸ್ ಪೀಕಿಂಗ್. ಸ್ಪಷ್ಟವಾದ ಅಂಚುಗಳ ಮೇಲೆ ಕೆಂಪೋ ಹಳದಿಯೋ ಗೆರೆ ಹೊಳೆಯುತ್ತದೆ. ಆದರೆ ಅದನ್ನು ಪೂರ್ತಿ ನಂಬಬೇಡಿ. ಅದು ನೋಡುವುದು ಕಪ್ಪು ಬಿಳುಪಿನ ವ್ಯತ್ಯಾಸವನ್ನು, ಹಾಗಾಗಿ ಬಿಳಿ ಬಣ್ಣದ ಮೇಲೆ ಬರೆದ ಕಪ್ಪು ಹುಬ್ಬು ಸ್ವಲ್ಪ ಮಂಜಾಗಿದ್ದರೂ ಹೊಳೆಯುತ್ತದೆ. ಎರಡನೆಯದು ಬಿಂಬವನ್ನು ಐದು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಸೌಲಭ್ಯ. ನಿಜವಾದ ಗೆಳೆಯ ಇದೇ. ಕೈಗೆ ಸುಲಭವಾಗಿ ಸಿಗುವ ಒಂದು ಬಟನ್ನಿಗೆ ಇದನ್ನು ಜೋಡಿಸಿಕೊಳ್ಳಿ. ಹಿಗ್ಗಿಸಿ, ರೆಪ್ಪೆಯ ಮೇಲೆ ನಿಲ್ಲಿಸಿ, ಆಮೇಲೆ ರಿಂಗನ್ನು ಮುಟ್ಟದೆ ಸೊಂಟದಿಂದ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಿ, ರೆಪ್ಪೆ ಚುರುಕಾದ ಕ್ಷಣದಲ್ಲಿ ಒತ್ತಿ. ನನಗೆ ಹತ್ತರಲ್ಲಿ ಆರು ಏಳು ಸರಿ ಬರುವುದು ಹೀಗೆಯೇ.

ಚೌಕಿಯಲ್ಲಿ ಒಂದು ಸಂಗತಿ ಬಹಳ ತಡವಾಗಿ ಹೊಳೆಯಿತು. ವೇಷಧಾರಿಯ ಕೈಗನ್ನಡಿಯಲ್ಲಿ ಕಾಣುವ ಮುಖವನ್ನು ತೆಗೆಯಬೇಕೆಂದು ಕನ್ನಡಿಯ ಚೌಕಟ್ಟಿಗೆ ಫೋಕಸ್ ಮಾಡುತ್ತಿದ್ದೆ. ಪ್ರತಿಸಲವೂ ಚೌಕಟ್ಟು ಚೊಕ್ಕ, ಮುಖ ಮಂಜು. ಕನ್ನಡಿಯೊಳಗಿನ ಬಿಂಬ ಇರುವುದು ಗಾಜಿನ ಮೇಲಲ್ಲ. ನನ್ನಿಂದ ಕನ್ನಡಿಗೆ ಒಂದು ಮೀಟರ್, ಕನ್ನಡಿಯಿಂದ ಅವರ ಮುಖಕ್ಕೆ ಮೂವತ್ತು ಸೆಂಟಿಮೀಟರ್ ಇದ್ದರೆ ಲೆನ್ಸಿಗೆ ಆ ಮುಖ 1.3 ಮೀಟರ್ ದೂರದಲ್ಲಿದೆ. ಹೀಲಿಯೋಸಿನ ಮೇಲೆ ದೂರದ ಅಂಕಿಗಳು ಕೆತ್ತಿವೆ. ರಿಂಗನ್ನು ಅಷ್ಟಕ್ಕೆ ತಿರುಗಿಸಿದೆ, ಚೌಕಟ್ಟು ಕರಗಿ ಒಳಗಿನಿಂದ ಅರ್ಧ ಬರೆದ ಮುಖ ಮೇಲೆದ್ದು ಬಂತು. ಆಟೋಫೋಕಸ್ ಲೆನ್ಸಿನಲ್ಲಿ ವರ್ಷಗಟ್ಟಲೆ ಚಿತ್ರ ತೆಗೆದರೂ ಈ ಲೆಕ್ಕ ನನ್ನ ತಲೆಗೆ ಬಂದಿರಲಿಲ್ಲ.

ಹಳೆಯ ಲೆನ್ಸುಗಳ ಮೇಲಿನ ಆ ಅಂಕಿಸಾಲು ಹಗಲಿನಲ್ಲಿ ಇನ್ನೊಂದು ರೀತಿ ಕೆಲಸಕ್ಕೆ ಬರುತ್ತದೆ. 28 ಮಿ.ಮೀ. ಲೆನ್ಸನ್ನು ಎಫ್ 8ರಲ್ಲಿಟ್ಟು ಮೂರು ಮೀಟರಿನಾಚೆ ಸ್ವಲ್ಪ ತಿರುಗಿಸಿಟ್ಟರೆ, ಫುಲ್ ಫ್ರೇಮಿನಲ್ಲಿ ಒಂದೂಮುಕ್ಕಾಲು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟ. ಜಾತ್ರೆಯ ಬೀದಿಯಲ್ಲಿ ಫೋಕಸ್ ಯೋಚನೆಯೇ ಇಲ್ಲದೆ ನಡೆಯಬಹುದು.

44-2ರಲ್ಲಿ ಅಪರ್ಚರಿಗೆ ಎರಡು ರಿಂಗ್ ಇರುವುದು ಹೊಸಬರಿಗೆ ಗೋಜಲು. ಒಂದು ರಿಂಗ್ ‘ಟಿಕ್ ಟಿಕ್’ ಎನ್ನುತ್ತ ಮಿತಿಯನ್ನು ಗೊತ್ತುಮಾಡುತ್ತದೆ, ಎಫ್ 5.6 ಎಂದಿಟ್ಟುಕೊಳ್ಳಿ. ಇನ್ನೊಂದು ಸದ್ದಿಲ್ಲದೆ ಪೂರ್ತಿ ತೆರೆದದ್ದರಿಂದ ಆ ಮಿತಿಯವರೆಗೆ ಮಾತ್ರ ತಿರುಗುತ್ತದೆ. ಹಿಂದೆ ಎಸ್‌ಎಲ್‌ಆರ್‌ನಲ್ಲಿ ಅಪರ್ಚರ್ ಮುಚ್ಚಿದರೆ ವ್ಯೂಫೈಂಡರೇ ಕತ್ತಲಾಗುತ್ತಿತ್ತು. ಆದ್ದರಿಂದ ತೆರೆದಿಟ್ಟು ಫೋಕಸ್ ಮಾಡಿ, ಕಣ್ಣು ತೆಗೆಯದೆ ಮಿತಿಗೆ ತಿರುಗಿಸಿ ಬಟನ್ ಒತ್ತುವುದು ರೂಢಿ. ಈಗ ಪರದೆ ತಾನೇ ಬೆಳಕು ಹೆಚ್ಚಿಸಿ ತೋರಿಸುತ್ತದಾದರೂ ಹಳೆಯ ರೂಢಿಯನ್ನೇ ಇಟ್ಟುಕೊಳ್ಳಿ. ಮುಚ್ಚಿದ ಅಪರ್ಚರಿನಲ್ಲಿ ಎಲ್ಲವೂ ಸ್ಪಷ್ಟವಾಗಿ ಕಂಡು, ನಿಜವಾದ ಫೋಕಸ್ ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ. ಎಂ42ರ ಎಷ್ಟೋ ಬೇರೆ ಲೆನ್ಸುಗಳಲ್ಲಿ ಹಿಂಬದಿಗೆ ಒಂದು ಸಣ್ಣ ಕಡ್ಡಿ ಇದ್ದು, ಅದನ್ನು ಕ್ಯಾಮೆರಾ ಒತ್ತಿದರೆ ಮಾತ್ರ ಅಪರ್ಚರ್ ಮುಚ್ಚುತ್ತದೆ. ಅಂಥದ್ದಕ್ಕೆ ಕಡ್ಡಿಯನ್ನು ಒತ್ತಿ ಹಿಡಿಯುವ ತುಟಿಯಿರುವ ಅಡಾಪ್ಟರನ್ನು ಕೇಳಿ ಕೊಳ್ಳಿ.

ಹೀಲಿಯೋಸ್ ಹೆಸರು ಕೇಳಿದವರು ಮೊದಲು ಕೇಳುವುದೇ ಸುಳಿಯ ಬಗ್ಗೆ. ಹಿಂದಿನ ಎಲೆಗಳೆಲ್ಲ ಮುಖದ ಸುತ್ತ ನೀರಿನ ಸುಳಿಯಂತೆ ತಿರುಗುವ ಆ ಚಿತ್ರಗಳು. ಇದು ಜರ್ಮನಿಯ ಕಾರ್ಲ್ ಜೈಸ್ ಕಂಪನಿಯ ಬಯೋಟಾರ್ ಎಂಬ ಲೆನ್ಸಿನ ವಿನ್ಯಾಸ. ಎರಡನೇ ಮಹಾಯುದ್ಧದ ನಂತರ ಅದನ್ನು ಆಧರಿಸಿ ಸೋವಿಯತ್ ಒಕ್ಕೂಟದಲ್ಲಿ ಲೆನ್ಸು ಮಾಡತೊಡಗಿದರು. ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನಲ್ಲೂ ಮಿನ್ಸ್ಕ್‌ನಲ್ಲೂ ತಯಾರಾಗುತ್ತಿತ್ತು. ಸುಳಿ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಲೆನ್ಸನ್ನು ಕೈಯಲ್ಲಿ ಹಿಡಿದು ಬಿಳಿ ಗೋಡೆಯ ಕಡೆ ನೋಡಿ. ನೇರ ನೋಡಿದರೆ ತೂತು ದುಂಡಗೆ. ನಿಧಾನ ಓರೆ ಮಾಡುತ್ತ ಹೋದರೆ ಅದೇ ತೂತು ಬಾದಾಮಿಯ ಆಕಾರಕ್ಕೆ ಬರುತ್ತದೆ, ಏಕೆಂದರೆ ಮುಂದಿನ ಗಾಜಿನ ಅಂಚು ಒಂದು ಕಡೆಯಿಂದ, ಹಿಂದಿನ ಗಾಜಿನ ಅಂಚು ಇನ್ನೊಂದು ಕಡೆಯಿಂದ ಅದನ್ನು ಕತ್ತರಿಸುತ್ತವೆ. ಫೋಕಸ್ ತಪ್ಪಿದ ಪ್ರತಿ ಬೆಳಕಿನ ಚುಕ್ಕಿಯೂ ಈ ತೂತಿನ ಆಕಾರವನ್ನೇ ತಾಳುತ್ತದೆ. ಚಿತ್ರದ ನಡುವೆ ದುಂಡು ಬಿಲ್ಲೆಗಳು, ಅಂಚಿಗೆ ಹೋದಂತೆ ಬಾದಾಮಿಗಳು, ಅದೂ ನಡುವನ್ನು ಸುತ್ತುವರಿದು ರಂಗೋಲಿಯ ಎಸಳುಗಳ ಹಾಗೆ ಬಾಗಿ ನಿಲ್ಲುತ್ತವೆ. ಅಂಚಿನಲ್ಲಿ ಬಿಂಬ ಸ್ವಲ್ಪ ಎಳೆದಂತಾಗುವ ದೋಷವೂ ವಿನ್ಯಾಸದಲ್ಲೇ ಉಳಿದಿದೆ. ಎರಡೂ ಸೇರಿ ಸುಳಿ.

ಇಷ್ಟು ಗೊತ್ತಿದ್ದರೆ ಸುಳಿಯನ್ನು ಬೇಕಾದಾಗ ತರಿಸಬಹುದು. ಎಲೆಗಳ ಸಂದಿಯಿಂದ ಬೆಳಕು ತೂರುವ ಮರ ಹಿಂದೆ ಕೆಲವು ಮೀಟರ್ ದೂರದಲ್ಲಿರಬೇಕು, ವ್ಯಕ್ತಿ ನಿಮ್ಮಿಂದ ಒಂದೂವರೆ ಎರಡು ಮೀಟರಿನಲ್ಲಿರಬೇಕು, ಅಪರ್ಚರ್ ಎಫ್ 2ರಲ್ಲಿರಬೇಕು. ಎಫ್ 4 ದಾಟಿಸಿದರೆ ತೂತೇ ಚಿಕ್ಕದಾಗಿ ಗಾಜಿನ ಅಂಚುಗಳಿಗೆ ಕತ್ತರಿಸಲು ಏನೂ ಉಳಿಯುವುದಿಲ್ಲ, ಸುಳಿ ನಿಂತುಬಿಡುತ್ತದೆ. ಫುಲ್ ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನಲ್ಲೂ ಅದು ಪೇಲವ. ಅಂಚಿನ ಭಾಗವೆಲ್ಲ ಸೆನ್ಸರಿನ ಹೊರಗೆ ಬೀಳುತ್ತದೆ, 58 ಮಿ.ಮೀ. ಲೆನ್ಸು ನೋಟದಲ್ಲಿ 87ರಷ್ಟು ಇಕ್ಕಟ್ಟಾಗುತ್ತದೆ. ಮುಖಚಿತ್ರಕ್ಕೆ ಅದೂ ಚೆನ್ನವೇ. ಆದರೆ ಸುಳಿಯೇ ಬೇಕೆಂದು ಕೊಳ್ಳುವವರಿಗೆ ಮೊದಲೇ ಹೇಳಿಬಿಡಬೇಕು.

ಈ ಲೆನ್ಸು ಸೋಲುವುದು ಎದುರು ಬಿಸಿಲಿಗೆ. ಬರಿಯ ಗಾಜಿನ ಪ್ರತಿ ಮೇಲ್ಮೈಯೂ ಬಿದ್ದ ಬೆಳಕಿನಲ್ಲಿ ಶೇ. 4ರಷ್ಟನ್ನಾದರೂ ಹಿಂದಕ್ಕೆ ಹೊಳೆಸುತ್ತದೆ. ಹೀಲಿಯೋಸಿನಲ್ಲಿ ಆರು ಗಾಜುಗಳು ನಾಲ್ಕು ಗುಂಪಾಗಿವೆ, ಅಂದರೆ ಗಾಳಿಗೆ ತೆರೆದ ಎಂಟು ಮೇಲ್ಮೈ. ಲೇಪನವೇ ಇಲ್ಲದಿದ್ದರೆ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಬೆಳಕು ನೇರ ದಾಟದೆ ಹಿಂದಕ್ಕೆ ಹೊಳೆದೋ ಒಳಗೆ ಅಲೆದಾಡಿಯೋ ಹೋಗುತ್ತಿತ್ತು. 1935ರಲ್ಲಿ ಜೈಸ್‌ನ ವಿಜ್ಞಾನಿ ಅಲೆಕ್ಸಾಂಡರ್ ಸ್ಮಕುಲಾ ಇದಕ್ಕೆ ತೆಳು ಲೇಪನದ ಉಪಾಯ ಕಂಡುಕೊಂಡರು. 44-2ಕ್ಕಿರುವುದು ಅಂಥ ಸರಳ ಲೇಪನವೇ, ಈಗಿನ ಹಲವು ಪದರಗಳದ್ದಲ್ಲ. ಇದರ ಮೇಲೆ ಸೆನ್ಸರಿನ ಕಾಟ ಬೇರೆ. ಫಿಲ್ಮಿಗಿಂತ ಸೆನ್ಸರಿನ ಮುಖ ಹೆಚ್ಚು ಹೊಳಪು, ಅಲ್ಲಿಂದ ಹಿಂದಿರುಗಿದ ಬೆಳಕು ಲೆನ್ಸಿನ ಹಿಂಬದಿಗೆ ಬಡಿದು ಮತ್ತೆ ಬರುತ್ತದೆ. ಚಿತ್ರದ ನಡುವೆ ಹಾಲು ಚೆಲ್ಲಿದಂಥ ಮಬ್ಬು ಕಂಡರೆ ಅದೇ. 49 ಮಿ.ಮೀ. ಅಳತೆಯ ರಬ್ಬರ್ ಹುಡ್ ಒಂದನ್ನು ಸದಾ ಹಾಕಿಡಿ, ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ. ಮಲೆನಾಡಿನ ಮುಂಜಾನೆಗಳಲ್ಲಿ ನಾನೇ ಬೇಕೆಂದು ಹುಡ್ ತೆಗೆಯುವುದುಂಟು. ಮಂಜಿನೊಳಗೆ ಬಿಸಿಲು ಬೀಳುವಾಗ ಆ ಮಬ್ಬು ಕಣ್ಣಿಗೆ ಕಂಡದ್ದಕ್ಕೇ ಹತ್ತಿರವಾಗಿರುತ್ತದೆ.

ಎಲ್ಲ ಹಳೆಯ ಲೆನ್ಸೂ ಚೆನ್ನ ಎಂದು ನಾನು ಹೇಳಲಾರೆ. 50ರಿಂದ 135 ಮಿ.ಮೀ.ವರೆಗಿನವು ಧೈರ್ಯವಾಗಿ ಕೊಳ್ಳಬಹುದಾದವು. ಆ ಕಾಲದ ಅಗ್ಗದ ಜೂಮ್‌ಗಳನ್ನು ಬಿಟ್ಟುಬಿಡಿ. ಕನ್ನಡಿಯಿಲ್ಲದ ರೇಂಜ್‌ಫೈಂಡರ್ ಕ್ಯಾಮೆರಾಗಳ ವೈಡ್ ಲೆನ್ಸುಗಳು ಫಿಲ್ಮಿಗೆ ಬಹಳ ಹತ್ತಿರ ಕೂರುತ್ತಿದ್ದವು. ಅವುಗಳಿಂದ ಅಂಚಿಗೆ ಬೆಳಕು ತೀರಾ ಓರೆಯಾಗಿ ಬೀಳುತ್ತದೆ, ಫಿಲ್ಮಿಗೆ ಅದು ಲೆಕ್ಕವಿರಲಿಲ್ಲ. ಸೆನ್ಸರಿನ ಮೇಲಿನ ಗಾಜಿನ ಪದರ ದಾಟುವಾಗ ಮೂಲೆಗಳು ಕಲಸಿ ನೇರಳೆಗೆ ತಿರುಗುತ್ತವೆ. ಪೆಂಟ್ಯಾಕ್ಸ್‌ನ ಸೂಪರ್ ಟಕುಮಾರ್ 50 ಮಿ.ಮೀ. ಎಫ್ 1.4 ಲೆನ್ಸಿನ ಏಳು ಗಾಜಿನ ಆವೃತ್ತಿಯದು ಇನ್ನೊಂದು ವಿಶೇಷ. ಅದರ ಗಾಜಿನಲ್ಲಿ ತುಸು ವಿಕಿರಣ ಸೂಸುವ ಥೋರಿಯಂ ಇದೆ, ಅದರಿಂದಾಗಿ ಗಾಜು ವರ್ಷಗಳಲ್ಲಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ನೇರಳಾತೀತ ದೀಪದ ಕೆಳಗೆ ಕೆಲವು ದಿನ ಇಟ್ಟರೆ ತಿಳಿಯಾಗುತ್ತದೆ. ಬಿಸಿಲಿಗೂ ಇಡಬಹುದು, ಆದರೆ ಹಿಂಬದಿಯ ಮುಚ್ಚಳ ಹಾಕಿ, ಹತ್ತಿರದಲ್ಲಿ ಬಟ್ಟೆ ಕಾಗದ ಇಲ್ಲದಂತೆ ನೋಡಿಕೊಂಡು. ಲೆನ್ಸು ಎಂದರೆ ದೊಡ್ಡ ಭೂತಗನ್ನಡಿಯೇ. ಇದೇ ಕಾರಣಕ್ಕೆ ಹಳೆಯ ಲೆನ್ಸು ಹಾಕಿದ ಮಿರರ್‌ಲೆಸ್ ಕ್ಯಾಮೆರಾವನ್ನು ಮುಚ್ಚಳವಿಲ್ಲದೆ ಬಿಸಿಲಿಗೆ ಮುಖಮಾಡಿ ಇಡಬಾರದು. ಅಪರ್ಚರನ್ನು ತಾನೇ ಮುಚ್ಚಿಕೊಳ್ಳಲು ಅದಕ್ಕೆ ಆಗುವುದಿಲ್ಲ, ಸೆನ್ಸರಿಗೂ ಸೂರ್ಯನಿಗೂ ನಡುವೆ ಈಗ ಕನ್ನಡಿಯೂ ಇಲ್ಲ.

ಹಳೆಯದನ್ನು ಕೊಳ್ಳುವಾಗ ಮೊಬೈಲ್ ಟಾರ್ಚ್ ಸಾಕು. ಅಪರ್ಚರ್ ಪೂರ್ತಿ ತೆರೆದು ಹಿಂಬದಿಯಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಕಂಡರೆ ತಲೆಕೆಡಿಸಿಕೊಳ್ಳಬೇಡಿ, ಚಿತ್ರದಲ್ಲಿ ಅವು ಬರುವುದೇ ಇಲ್ಲ. ಮುಂದಿನ ಗಾಜಿನ ಒಂದು ಗೀರನ್ನೂ ಮನ್ನಿಸಬಹುದು, ಹಿಂದಿನ ಗಾಜಿನ ಗೀರನ್ನು ಮನ್ನಿಸಬೇಡಿ. ಅಪರ್ಚರಿನ ಎಲೆಗಳ ಮೇಲೆ ಎಣ್ಣೆಯ ಹೊಳಪಿದೆಯೇ ನೋಡಿ, ಹೀಲಿಯೋಸಿನಲ್ಲಿ ಇದು ಮಾಮೂಲು. ಸ್ಪ್ರಿಂಗ್ ಇಲ್ಲದ ಲೆನ್ಸಾದ್ದರಿಂದ ಅಷ್ಟೇನೂ ತೊಂದರೆಯಿಲ್ಲ.

ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನಕಾಯಿಗೆ, ಚಪ್ಪಲಿಗೆ, ಪುಸ್ತಕದ ಬೆನ್ನಿಗೆ ಬೂಸ್ಟು ಬರುವ ಹಾಗೆಯೇ ಲೆನ್ಸಿನೊಳಗೂ ಬರುತ್ತದೆ. ಬಿಟ್ಟರೆ ಲೇಪನವನ್ನು ತಿಂದು ಗಾಜಿನ ಮೇಲೆ ಅಳಿಸದ ಗುರುತು ಬಿಡುತ್ತದೆ. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಭದ್ರವಾಗಿಟ್ಟವರ ಲೆನ್ಸುಗಳೇ ಹೆಚ್ಚು ಹಾಳಾಗಿರುವುದನ್ನು ನೋಡಿದ್ದೇನೆ. ಚರ್ಮ ತೇವ ಹೀರಿ ಇಟ್ಟುಕೊಳ್ಳುತ್ತದೆ, ಕತ್ತಲೆ ಫಂಗಸ್ಸಿಗೆ ಹಿತ. ಮಾವನ ಹೀಲಿಯೋಸೂ ಹಾಗೇ ಇದ್ದದ್ದು. ಅದರ ಹಿಂದಿನ ಗಾಜಿನ ಅಂಚಿನಲ್ಲಿ ಉಗುರಿನ ತುದಿಯಷ್ಟು ಒಂದು ಎಳೆ ಆಗಲೇ ಹಬ್ಬಿತ್ತು. ಬಿಚ್ಚಿ ತೊಳೆಸಲು ಮನಸ್ಸಾಗಲಿಲ್ಲ, ಚಿತ್ರದಲ್ಲಿ ಅದು ಕಾಣುವುದೂ ಇಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ, ಬೇರೆ ಲೆನ್ಸುಗಳಿಂದ ದೂರ, ಒಂದು ಹಿಡಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ನೀಲಿ ಹರಳು ತೇವ ಹೀರಿ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು ಬಿಸಿ ಮಾಡುತ್ತೇನೆ, ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಅಡುಗೆಗೆ ಬಳಸುವಂತಿಲ್ಲ, ಹಳೆಯದೊಂದನ್ನು ಇದಕ್ಕೆಂದೇ ತೆಗೆದಿಟ್ಟಿದ್ದೇನೆ.

ಮಳೆ ಹೊಳವಾದ ಒಂದು ಬೆಳಿಗ್ಗೆ ಡಬ್ಬಿ ತೆರೆದು, ಟಾರ್ಚ್ ಬಿಟ್ಟು, ಹೋದ ವರ್ಷ ಮೊಬೈಲಿನಲ್ಲಿ ತೆಗೆದಿಟ್ಟ ಚಿತ್ರದ ಪಕ್ಕ ಹಿಡಿದು ನೋಡಿದೆ. ಎಳೆ ಅಷ್ಟೇ ಇತ್ತು.